ಬಿಸಿಲಿಗೆ ಚಾಚಿದ ಕೈ

ನಮ್ಮ ಯೂನಿಟ್ಟಿನ ಹಿಂಭಾಗದಲ್ಲಿ, ಡ್ರಮ್ ತೊಳೆಯುವ ನಲ್ಲಿಯ ಪಕ್ಕ, ಒಂದು ಚಪ್ಪಡಿ ಕಲ್ಲಿದೆ. ಮಧ್ಯಾಹ್ನ ಅಲ್ಲಿ ನೆರಳು ಬೀಳುವುದಿಲ್ಲ, ಹಾಗಾಗಿ ಮೊದಲಿನಿಂದಲೂ ಯಾರೂ ಕೂರುತ್ತಿರಲಿಲ್ಲ. ಈಗ ಸಂಜೆ ನೆರಳು ಬಂದ ಮೇಲೂ ಕೂರುವುದಿಲ್ಲ. ಪ್ಯಾಕಿಂಗ್ ಹೆಂಗಸರು ಟೀ ಲೋಟ ಹಿಡಿದು ಆ ಕಲ್ಲನ್ನು ಬಳಸಿಕೊಂಡು ಹೋಗಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಯಾಕ್ರಮ್ಮ ಎಂದು ಕೇಳಿದರೆ, "ಅದು ಮೇಡಮ್ಮೋರು ನಿಂತ್ಕಳೋ ಜಾಗ ಅಲ್ವಾ" ಎನ್ನುತ್ತಾರೆ. ನಿಂತುಕೊಳ್ಳುತ್ತಿದ್ದ ಜಾಗ ಎನ್ನುವುದಿಲ್ಲ.

ನಾನು ಕೆಮಿಸ್ಟ್ರಿ ಓದಿದವಳು. ಗಾಳಿ ಗೀಳಿ ನಂಬುವ ಪೈಕಿ ಅಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ಊಟದ ಹೊತ್ತಿಗೆ ಲ್ಯಾಬಿನ ಕಿಟಕಿಯಿಂದ ಹೊರಗೆ ನೋಡಿದರೆ ನನಗೆ ಮೊದಲು ಕಾಣುವುದು ಕಲ್ಲಲ್ಲ. ಒಂದು ಕೈ. ಮೊಣಕೈವರೆಗೆ ಕೋಟಿನ ತೋಳು ಮಡಿಸಿದ, ಅಂಗೈ ಮೇಲಾಗಿ ಬಿಸಿಲಿಗೆ ಚಾಚಿದ ಕೈ. ಯಾರಿಗೋ ಏನನ್ನೋ ಕೊಡುವ ಹಾಗೆ, ಇಲ್ಲವೇ ಕೇಳುವ ಹಾಗೆ. ಕಣ್ಣು ಪಿಳುಕಿಸಿದರೆ ಬರಿಯ ಕಲ್ಲು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ತಂಗಿಯ ಮನೆಯವರು ಬೇಸರ ಮಾಡಿಕೊಳ್ಳಬಹುದು. ನಮಗೆಲ್ಲ ಅವರು ಮೇಡಂ, ಅಷ್ಟೇ. ತುಮಕೂರಿನ ಹೊರಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ಸಣ್ಣ ಯೂನಿಟ್ಟಿನಲ್ಲಿ ಗಿಡಮೂಲಿಕೆಗಳ ಸತ್ವ ತೆಗೆಯುತ್ತೇವೆ. ಕ್ರೀಮು ಮಾಡುವ ಕಂಪನಿಗಳು ಕೊಂಡುಕೊಂಡು ಹೋಗುತ್ತವೆ. ಅಲ್ಲಿಂದ ಹೊರಗೆ ಹೋಗುವ ಪ್ರತಿ ಡಬ್ಬಿಯೂ ಮೇಡಂ ಒಪ್ಪಿಗೆ ಪಡೆದೇ ಹೋಗಬೇಕಿತ್ತು.

ನಾನು ಕಡಬದ ಕೆರೆ ಹಿಂದಿನ ಒಂದು ಊರಿನವಳು. ನಮ್ಮ ವಂಶದಲ್ಲಿ ಡಿಗ್ರಿ ಸರ್ಟಿಫಿಕೇಟು ಮುಟ್ಟಿದ ಮೊದಲ ಕೈ ನನ್ನದು. ಗುಬ್ಬಿಯಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ತುಮಕೂರಿಗೆ ಹೋಗಿ ಬಂದು ಬಿ.ಎಸ್ಸಿ. ಮಾಡಿದವಳು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಆ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗವಚಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ. ಮೇಡಂ ತಲೆ ಎತ್ತಿ ನೋಡಿದರು. ತುಟಿಯ ಒಂದು ಅಂಚು ಬೆಳ್ಳಗಿತ್ತು. ಎರಡೂ ಕೈ, ಬೆರಳ ತುದಿಯಿಂದ ಮೊಣಕೈ ಮೇಲಿನವರೆಗೆ, ಹಾಲು ಚೆಲ್ಲಿಕೊಂಡ ಹಾಗಿತ್ತು. ನಾನು ಕವರಿನ ಕಡೆಗೆ ಕಣ್ಣು ಇಳಿಸಿದೆ.

"ನೋಡ್ಕೊಂಬುಡಮ್ಮ ಒಂದ್ಸಲ, ಸರಿಯಾಗಿ" ಎಂದು ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟರು. "ಆಮೇಲೆ ಕದ್ದು ನೋಡೋ ಕೆಲ್ಸ ಉಳಿಯಲ್ಲ. ತೊನ್ನು ಇದು. ವೈಟ್ ಪ್ಯಾಚು ಗೀಚು ಅಂತ ನಯವಾಗಿ ಅನ್ನೋಕೆ ಹೋಗಬೇಡ, ನಂಗೆ ಅದು ಆಗಲ್ಲ. ನೋಡಿದ್ಯಾ? ಈಗ ಹೇಳು, ಯಾವೂರು?"

ಹೇಳಿದೆ. ಅಂದಿನಿಂದ ನನ್ನ ಹೆಸರು ಹೋಗಿ 'ಗುಬ್ಬಿ' ಎಂದಾಯಿತು.

ಆ ಭಾನುವಾರ ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಜತೇಲಿ ಉಣ್ತೀರಾ?"

"ಹೂಂ. ಅವ್ರ ಡಬ್ಬೀಲಿ ನಾನು, ನನ್ ಡಬ್ಬೀಲಿ ಅವ್ರು."

"ಅಂಟ್ಕಳಲ್ವೇನೇ?"

"ಅಂಟಲ್ಲ ಕಣಮ್ಮ. ಅದು ರೋಗನೇ ಅಲ್ಲ, ಬಣ್ಣ ಹೋಗೋದು ಅಷ್ಟೇ."

"ಓದಿರೋಳು ನೀನು, ನಿಂಗೆ ಗೊತ್ತಿರ್ತದೆ ಬುಡು" ಎಂದಳು. ಆದರೂ ನನ್ನ ಊಟದ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿದಳು. ಮುಂದೆ ಅದೇ ಅಮ್ಮ ಹುಚ್ಚೆಳ್ಳು ಚಟ್ನಿಪುಡಿ ಮಾಡಿದಾಗಲೆಲ್ಲ ಒಂದು ಪಾಲು ಬೇರೆ ಕಟ್ಟಿ ಕಳಿಸತೊಡಗಿದಳು. ಅದು ಆಗಲು ಒಂದು ವರ್ಷ ಹಿಡಿಯಿತು.

ಮೇಡಂ ಕೈಯ ಕಥೆ ಹೇಳಬೇಕಾದರೆ ಬಾವಂಚಿ ಬೀಜದ ಕಥೆ ಹೇಳಬೇಕು. ಕರಿಯ, ಚಪ್ಪಟೆ ಬೀಜ, ಹುರುಳಿಗಿಂತ ಚಿಕ್ಕದು. ಮುಟ್ಟಿದರೆ ಜಿಗುಟು. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕಟ್ಟಿಕೊಡುತ್ತಾರೆ. ಹಿಂದಿನಿಂದಲೂ ತೊನ್ನಿಗೆ ಅದೇ ಮದ್ದು. ಈಗ ಅದಕ್ಕೆ ಹೊಸ ಯೋಗ ಬಂದಿದೆ. ಅದರಿಂದ ತೆಗೆದ ಜೇನು ಬಣ್ಣದ ಎಣ್ಣೆಯಂಥ ಸತ್ವ ಮುಖದ ಸುಕ್ಕಿಗೆ ಒಳ್ಳೆಯದಂತೆ. ದೊಡ್ಡ ಊರುಗಳ ಹೆಂಗಸರು ಹಚ್ಚುವ ಸೀರಮ್ಮು, ಕ್ರೀಮುಗಳಲ್ಲಿ ಅದು ಇರುತ್ತದೆ. ಆ ವ್ಯಾಪಾರದಲ್ಲಿ ಇಂಥದ್ದನ್ನು 'ಆಕ್ಟಿವ್' ಎನ್ನುತ್ತಾರೆ. ಡಬ್ಬಿಯಲ್ಲಿ ನಿಜವಾಗಿ ಕೆಲಸ ಮಾಡುವುದು ಆ ಕೆಲವು ಹನಿ, ಮಿಕ್ಕಿದ್ದು ಅದನ್ನು ಹೊತ್ತುಕೊಂಡು ಹೋಗುವ ಗಾಡಿ.

ತೊಡಕು ಏನೆಂದರೆ, ಅದೇ ಬೀಜದಲ್ಲಿ ಇನ್ನೊಂದು ಇದೆ. ಅದು ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಡುತ್ತದೆ. ಸ್ವಲ್ಪ ಬಿದ್ದರೆ ಕೆಂಪು, ಜಾಸ್ತಿಯಾದರೆ ಬೊಬ್ಬೆ. ನಮ್ಮ ಕೆಲಸವೆಲ್ಲ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ತೆಗೆದುಹಾಕುವುದು. ಪೂರ್ತಿ ಹೋಯಿತೋ ಇಲ್ಲವೋ ಎಂದು ನೋಡುವ ಯಂತ್ರ ನಮ್ಮಲ್ಲಿ ಆಗ ಇರಲಿಲ್ಲ. ಸ್ಯಾಂಪಲ್ಲನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿ ರಿಪೋರ್ಟಿಗೆ ಕಾಯುತ್ತಿದ್ದೆವು.

ಮೇಡಂ ರಿಪೋರ್ಟಿಗೂ ಕಾಯುತ್ತಿದ್ದರು, ಕೈಯನ್ನೂ ಕೇಳುತ್ತಿದ್ದರು. ಪ್ರತಿ ಬ್ಯಾಚಿನಿಂದ ಒಂದು ಹನಿಯನ್ನು ಬೆಳ್ಳಗಾದ ತೋಳಿನ ಒಳಭಾಗಕ್ಕೆ ಹಚ್ಚಿಕೊಳ್ಳುವುದು, ಊಟದ ಹೊತ್ತಿನಲ್ಲಿ ಆ ಚಪ್ಪಡಿ ಕಲ್ಲಿನ ಮೇಲೆ ನಿಂತು ಕೈ ಚಾಚುವುದು. ನಿಂತು ಬಂದು ತೋಳು ಇಳಿಸಿ ಗುಂಡಿ ಹಾಕಿಕೊಂಡರೆ ಮುಗಿಯಿತು. ಮೂರನೆಯ ದಿನ ಬಿಚ್ಚಿ ನೋಡುವುದು. ಈ ಬೀಜ ಸುಟ್ಟದ್ದು ಅವತ್ತೇ ಕಾಣುವುದಿಲ್ಲ, ಒಳಗೊಳಗೇ ಇದ್ದು ಮೂರನೆಯ ದಿನ ಮೇಲೆ ಬರುತ್ತದೆ. "ಇವತ್ತು ಕೈ ಮಾತಾಡೋ ದಿನ ಕಣೇ ಗುಬ್ಬಿ, ಬಾ" ಎಂದು ಕಿಟಕಿ ಹತ್ತಿರ ಕರೆಯುತ್ತಿದ್ದರು. ಬಿಳಿ ಬಿಳಿಯಾಗಿಯೇ ಇದ್ದರೆ ಮಾಲು ಹೋಗಬಹುದು. ಕೆಂಪು ಸುಳಿದರೂ ಇಲ್ಲ.

ಇದನ್ನು ಯಾವ ನಿಯಮವೂ ಹೇಳುವುದಿಲ್ಲ. ಮಾಡಬಾರದು ಕೂಡ. ನಾನು ಸೇರಿದ ಹೊಸದರಲ್ಲಿ ನನ್ನ ಕೈಯನ್ನೂ ಚಾಚಿದ್ದೆ. ತಳ್ಳಿಬಿಟ್ಟರು.

"ನಿಂದು ಗಟ್ಟಿ ಬಣ್ಣ. ಬಿಸಿಲನ್ನ ತಡ್ಕೊಂಡು ಸುಮ್ನಿರುತ್ತೆ, ಏನೂ ಹೇಳಲ್ಲ. ಇದಕ್ಕೆ ತಡ್ಕೊಳೋಕೆ ಏನೈತೆ? ಮೊದ್ಲು ಬಾಯಿ ಬಿಡೋದೇ ಇದು. ನನ್ನ ಚರ್ಮ ದಾಟ್ಕೊಂಡು ಹೋಗ್ಲಿ, ಆಮೇಲೆ ಯಾರ ಮುಖಕ್ಕಾದ್ರೂ ಹಚ್ಲಿ."

ಒಂದು ಸಲ ಮಾರಾಟದ ಹುಡುಗನೊಬ್ಬ ಬಂದು ಓನರ್ ಮುಂದೆ ಭಾಷಣ ಬಿಗಿಯುತ್ತಿದ್ದ. ಎಲ್ಲ ನ್ಯಾಚುರಲ್ಲು ಸರ್, ಗಿಡದ್ದು, ಗಿಡದಿಂದ ಬಂದಿದ್ದು ಯಾರಿಗೂ ಏನೂ ಮಾಡಲ್ಲ, ಡಬ್ಬಿ ಮೇಲೆ ಹಂಗೇ ಹಾಕಿಸೋಣ ಎಂದ. ಮೇಡಂ ಪಿಪೆಟ್ಟು ತೊಳೆಯುತ್ತಲೇ, "ಎಕ್ಕದ ಹಾಲೂ ನ್ಯಾಚುರಲ್ಲೇ ಕಣಪ್ಪ. ನಮ್ ಗೇಟ್ ಹತ್ರನೇ ಐತೆ, ಕಣ್ಣಿಗೆ ಒಂದು ಹನಿ ಬುಟ್ಕೊಂಡು ಬಾ, ಆಮೇಲೆ ಮಾತಾಡೋಣ" ಎಂದರು. ಓನರ್ ನಕ್ಕ ನಗೆಗೆ ಅವನೂ ನಗಬೇಕಾಯಿತು.

ಓನರ್ ಯಾವಾಗಲೂ ನಗುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಮಾಲು ಪ್ಯಾಕಾಗಿತ್ತು, ರಿಪೋರ್ಟು ಚೆನ್ನಾಗಿ ಬಂದಿತ್ತು, ಗಾಡಿ ಗೇಟಿಗೆ ಬಂದು ನಿಂತಿತ್ತು. ಮೇಡಂ ಕೋಟಿನ ತೋಳು ಬಿಚ್ಚಿದರು. ತೋಳಿನ ಮೇಲೆ ತೆಳ್ಳಗೆ ಒಂದು ಕೆಂಪು, ಬಿಗಿ ಬಳೆ ತೆಗೆದ ಮೇಲೆ ಉಳಿಯುವಂಥದ್ದು.

"ಬೇಡ ಸರ್, ಇಳಿಸಿ" ಎಂದರು.

"ರಿಪೋರ್ಟ್ ಐತಲ್ಲ ಮೇಡಂ."

"ರಿಪೋರ್ಟಿಗೆ ಹೋದ ಸ್ಯಾಂಪಲ್ಲು ಡ್ರಮ್ಮಿನ ಮೇಲ್ಗಡೆದು. ನಾನು ಹಚ್ಕೊಂಡಿದ್ದು ತಳದ್ದು. ಸರಿಯಾಗಿ ತಿರುವಿಲ್ಲ."

"ನಿಮ್ ಕೈ ನಂಬ್ಕೊಂಡು ನಾನು ಗಾಡಿ ವಾಪಸ್ ಕಳಿಸ್ಲಾ?"

"ಬೇಡ. ನೀವು ಹಚ್ಕೊಂಡು ನಿಂತ್ಕೊಳಿ. ನಿಮ್ ಕೈ ನಂಬಿ."

ಗಾಡಿ ಖಾಲಿ ಹೋಯಿತು. ಓನರ್ ಒಂದು ವಾರ ಅವರೊಂದಿಗೆ ಮಾತಾಡಲಿಲ್ಲ. ಆಮೇಲೆ ತಾವೇ ಮಾತಾಡಿಸಿದರು. ಅವರು ಕೆಟ್ಟವರಲ್ಲ.

ಮೇಡಂ ವಾಚನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಹೊತ್ತು ನೋಡಬೇಕಾದರೆ ಕೈ ತಿರುಗಿಸಿ ಅಂಗೈ ಕಡೆ ನೋಡಬೇಕು. ಹೊತ್ತು ನೋಡುವ ಅಗತ್ಯವೇ ಇಲ್ಲದಾಗಲೂ ನೋಡುತ್ತಿದ್ದರು. ವಾಚನ್ನು ಬೆರಳಿಂದ ಸ್ವಲ್ಪ ಸರಿಸಿ, ಮತ್ತೆ ಸರಿಯಾಗಿ ಕೂರಿಸುತ್ತಿದ್ದರು. ಒಂದು ದಿನ ನಾನು ನೇರವಾಗಿ ಕೇಳಿದೆ. ನನಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ.

ಅವರು ವಾಚು ಬಿಚ್ಚಿದರು. ಅದರ ಕೆಳಗೆ, ಬಿಳಿಯ ನಡುವೆ, ಕಂದು. ಹುಣಸೆಬೀಜದಷ್ಟು ಅಗಲ, ಅಂಚು ಅಂಕುಡೊಂಕು. ರಾಗಿ ಕಾಳಿನಂಥ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಆದದ್ದು.

"ಮೊದಮೊದ್ಲು ಇಲ್ಲೇ ಹಚ್ಕೊಂತಿದ್ದೆ. ಬ್ಯಾಚು, ಬಿಸಿಲು, ಬ್ಯಾಚು, ಬಿಸಿಲು. ಒಂದಿನ ನೋಡ್ತೀನಿ, ಚುಕ್ಕೆ. ನಮ್ಮಮ್ಮ ಬೇಡ್ಕೊಂಡ ದೇವರೆಲ್ಲ ಕೊಡದೇ ಇದ್ದಿದ್ದು ಇಲ್ಲಿ ಕೆಲ್ಸ ಮಾಡ್ತಾ ಮಾಡ್ತಾ ಬಂದ್ಬುಡ್ತು."

ನಾನು ಬಗ್ಗಿ ನೋಡಿದೆ. "ಮೇಡಂ, ಹಂಗೇ ಹಚ್ತಾ ಹೋದ್ರೆ ಕೈಯೆಲ್ಲ ಬರುತ್ತಲ್ವಾ? ಡಾಕ್ಟರಿಗೆ ತೋರಿಸಿ ಸರಿಯಾಗಿ ಮಾಡಿಸ್ಬೋದಲ್ಲ?"

"ಬರ್ಬೋದು."

"ಮತ್ತೆ?"

"ಬಣ್ಣ ಬಂದ್ರೆ ಈ ಕೈ ಸುಮ್ನಾಗ್ಬುಡುತ್ತೆ ಕಣೇ. ನಿನ್ ಕೈ ಥರ." ವಾಚು ಕಟ್ಟಿಕೊಂಡರು. "ಅದಕ್ಕೇ ಚುಕ್ಕೆ ಬಂದ ಕಡೆ ಬಿಟ್ಟು ಮೇಲಕ್ಕೆ ಹೋದೆ. ಅಲ್ಲೂ ಬಂದ್ರೆ ಇನ್ನೂ ಮೇಲಕ್ಕೆ ಹೋಗ್ತೀನಿ. ಇಲ್ಲಿದು ಮಾತ್ರ ಹೋಗ್ದಂಗೆ ಮುಚ್ಚಿಟ್ಕೊಂಡಿದೀನಿ. ಇದು ನಂದು, ಕಂಪ್ನಿದಲ್ಲ."

ಆಗ ಅವರು ತಮ್ಮ ಅಮ್ಮನ ಕಥೆ ಹೇಳಿದರು. ಕುಣಿಗಲ್ ತಾಲ್ಲೂಕು, ಯಡಿಯೂರಿನಿಂದ ಒಳಗೆ ಅವರ ಊರು. ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಮೊಣಕಾಲ ಕೆಳಗೆ ಮೊದಲ ಬಿಳಿ ಬಂತು. ಅಮ್ಮ ಬಾವಂಚಿ ಅರೆದು ಹಚ್ಚಿ, ಅಂಗಳದ ಚಪ್ಪಡಿ ಮೇಲೆ ಕೂರಿಸಿ, ನಾನು ಬರೋಗಂಟ ಏಳಬೇಡ ಎಂದು ರಾಗಿ ಹೊಲಕ್ಕೆ ಕಳೆ ತೆಗೆಯಲು ಹೋದಳು. ಹೊಲದಲ್ಲಿ ತಡವಾಯಿತು.

"ಉರೀತಿತ್ತು. ಏಳು ಅಂತ ಯಾರೂ ಅನ್ಲಿಲ್ಲ, ನಾನೂ ಏಳ್ಲಿಲ್ಲ. ಬಣ್ಣ ಬರುತ್ತೆ ಅಂದಿದ್ಲಲ್ಲ. ನನ್ ತಂಗಿ ಅಲ್ಲೇ ನೆರಳಲ್ಲಿ ಅಚ್ಚಿನ ಕಲ್ಲು ಆಡ್ತಿದ್ಲು. ಅಕ್ಕ ಬಾ ಆಡೋಣ ಅಂತ ಕರೀತಿದ್ಲು. ಇರು, ಬಣ್ಣ ಬರ್ಲಿ ಅಂದೆ."

ಎರಡು ದಿನ ಕಳೆದು ಮೊಣಕಾಲ ಕೆಳಗೆಲ್ಲ ನೀರು ತುಂಬಿದ ಬೊಬ್ಬೆ ಎದ್ದಿತಂತೆ. ಗಾಯ ಮಾಗಿತು, ಬಿಳಿ ಇನ್ನೂ ಹರಡಿತು. ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಮನೆಯವರು ಓದಲು ಬಿಟ್ಟರು. "ನೀನು ಹಟ ಮಾಡಿ ಓದ್ದೋಳು ಗುಬ್ಬಿ. ನನ್ನ ತೊನ್ನು ಓದಿಸ್ತು. ನಮ್ಮೂರಲ್ಲಿ ಡಿಗ್ರಿ ಮಾಡಿದ ಮೊದಲ್ನೇ ಹೆಂಗಸು ನಾನೇ, ಗೊತ್ತಾ?" ಎಂದು ಜಂಬದಿಂದಲೇ ಹೇಳಿದರು. ಆ ಜಂಬ ನನಗೆ ಚೆನ್ನಾಗಿ ಗೊತ್ತಿರುವಂಥದ್ದು. ಅವತ್ತಿನಿಂದ ಅವರು ನನಗೆ ಸ್ವಂತದವರಾದರು.

ತಂಗಿಗೆ ಗಂಡು ನೋಡತೊಡಗಿದಾಗ ಹೆಣ್ಣು ನೋಡುವ ದಿನ ಮೇಡಂ ಊರಿನಲ್ಲಿ ಇರಬಾರದು ಎಂದಾಯಿತು. ಮದುವೆಯ ದಿನವೂ ಅವರು ತುಮಕೂರಿನಲ್ಲೇ ಉಳಿದರು. ತಂಗಿಯ ಗಂಡ ಮನೆ ಅಳಿಯನಾಗಿ ಬಂದು ಊರಿನ ಅದೇ ಮನೆಯಲ್ಲಿ ನಿಂತರು. ಅಲ್ಲಿಂದಾಚೆ ಬಟವಾಡಿಯ ಬಾಡಿಗೆ ಮನೆಯೇ ಅವರ ಮನೆ. ಹಬ್ಬಕ್ಕೆ ಊರಿಗೆ ಹೋದರೂ ಯಾರಾದರೂ ನೆಂಟರು ಬರುವ ಮುಂಚೆ ಬಸ್ಸು ಹತ್ತುತ್ತಿದ್ದರು. "ಶುಭ ಕಾರ್ಯಕ್ಕೆ ನಾನು ರಜಾ" ಎನ್ನುತ್ತಿದ್ದರು. ನಗುತ್ತಲೇ ಎನ್ನುತ್ತಿದ್ದರು.

ಹೋದ ವರ್ಷದ ಹಿಂದಿನ ವರ್ಷ, ಮಾಗಿ ಕಳೆದು ಬಿಸಿಲು ಏರುವ ಸಮಯದಲ್ಲಿ, ಆ ತಂಗಿ ಮಗಳನ್ನು ಕರೆದುಕೊಂಡು ನಮ್ಮ ಯೂನಿಟ್ಟಿಗೇ ಬಂದರು. ಹುಡುಗಿ ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಬಾಗಿಲು ಹಾಕಿಸಿ, ಚೂಡಿದಾರದ ಕಾಲನ್ನು ಮೇಲೆತ್ತಿ ತೋರಿಸಿದರು. ಹಿಮ್ಮಡಿಯ ಮೇಲೆ ಒಂದು ಬಿಳಿ. ಮೇಡಂ ಕೆಳಗೆ ಕೂತರು. ಮುಟ್ಟಲು ಕೈ ಚಾಚಿದವರು ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ಅದನ್ನು ನಾನು ನೋಡಿದೆ.

"ಗಂಡು ಗೊತ್ತಾಗೋ ಹಂಗೈತೆ ಅಕ್ಕ. ಶ್ರಾವಣದೊಳಗೆ ಹೋಗ್ಬೇಕು ಇದು" ಎಂದರು ತಂಗಿ. "ನಿಮ್ಮಲ್ಲಿ ಅದೇ ಬಾವಂಚಿ ಗಟ್ಟಿ ರಸ ಇರುತ್ತಂತಲ್ಲ. ಒಂದು ಸೀಸೆ ಕೊಡು."

"ಕೊಡಲ್ಲ. ಬಟವಾಡೀಲಿ ಚರ್ಮದ ಡಾಕ್ಟ್ರು ಅವ್ರೆ. ನಾಳೆ ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ. ಚಿಕ್ಕದೈತೆ, ಲೈಟು ಕೊಟ್ಟು ಅಳತೇಲಿ ಮಾಡ್ತಾರೆ. ನಿಧಾನ ಆಗುತ್ತೆ."

"ಚರ್ಮದ ಡಾಕ್ಟ್ರ ಮೆಟ್ಲು ಹತ್ತೋದನ್ನ ನಮ್ ಕಡೆಯೋರು ಯಾರಾದ್ರೂ ನೋಡಿದ್ರೆ?"

"ನೋಡ್ಲಿ."

"ನಿಂಗೇನು, ನೋಡ್ಲಿ ಅಂತೀಯ. ನಿಂಗೆ ಕಳ್ಕೊಳೋಕೆ ಏನೈತೆ?" ತಂಗಿಯ ದನಿ ಏರಿತು. "ನಿನ್ನಿಂದ್ಲೇ ಬಂದಿರೋದು ಇದು ನನ್ ಮಗಳಿಗೆ. ಒಂದು ಸೀಸೆ ಕೊಡೋಕೂ ಆಗಲ್ವಾ? ಅವಳೂ ನಿನ್ನಂಗೇ ಉಳೀಲಿ ಅಂತಾನಾ?"

ಮೇಡಂ ಎದ್ದು ನಿಂತರು. ತೋಳು ಇಳಿಸಿ ಗುಂಡಿ ಹಾಕಿಕೊಂಡರು. "ನಂಗೆ ಹಚ್ಚಿದ ದಿನ ನೀನು ಅಲ್ಲೇ ಇದ್ದೆ" ಎಂದರು. "ಅಚ್ಚಿನ ಕಲ್ಲು ಆಡ್ತಾ."

ತಂಗಿ ಮಗಳ ಕೈ ಹಿಡಿದು ಹೊರಟುಬಿಟ್ಟರು. ಹುಡುಗಿ ಬಾಗಿಲಲ್ಲಿ ತಿರುಗಿ, "ಬರ್ತೀನಿ ದೊಡ್ಡಮ್ಮ" ಎಂದಳು. ಅವಳಿಗೊಂದು ಜೀವನ ಇದೆ, ಅದು ಆ ಹಿಮ್ಮಡಿಯ ಮೇಲೆ ನಿಂತಿದೆ ಎಂದು ಅವತ್ತು ನನಗೆ ಅನ್ನಿಸಿತು. ಮೇಡಂಗೆ ಅದಕ್ಕಿಂತ ಹೆಚ್ಚೇ ಅನ್ನಿಸಿರಬೇಕು. ಆ ದಿನಗಳಲ್ಲಿ ಅವರು ಫೋನ್ ಮಾಡಿ ಮಾಡಿ ಇಡುತ್ತಿದ್ದರು. ಆ ಕಡೆ ಎತ್ತುತ್ತಿರಲಿಲ್ಲ. ಎರಡು ಸಲ ಊರಿಗೇ ಹೋಗಿ ಬಂದರು. ಬಾಗಿಲು ತೆರೆದರಂತೆ, ಕಾಫಿ ಕೊಟ್ಟರಂತೆ, ಹುಡುಗಿಯನ್ನು ಮಾತ್ರ ಮುಂದೆ ಬಿಡಲಿಲ್ಲವಂತೆ.

ಆಮೇಲೆ ನಡೆದದ್ದನ್ನು ಹೇಳಲು ಹೆಚ್ಚು ಮಾತು ಬೇಡ. ತಂಗಿ ಗ್ರಂಧಿಗೆ ಅಂಗಡಿಯಿಂದ ಬೀಜ ತಂದರು. ಅರೆದರು. ಹಚ್ಚಿದರು. ಕೂರಿಸಿದರು. ಅದೇ ಮನೆ, ಅದೇ ಅಂಗಳ, ಅದೇ ಚಪ್ಪಡಿ. ಮೂರನೆಯ ದಿನ ಹುಡುಗಿಗೆ ಚಪ್ಪಲಿ ಮೆಟ್ಟಲಾಗಲಿಲ್ಲ.

ಫೋನ್ ಬಂದಾಗ ಮೇಡಂ ಒಂದು ಬ್ಯಾಚಿಗೆ ಕೈ ಚಾಚಿಕೊಂಡು ಕಲ್ಲಿನ ಮೇಲೆ ನಿಂತಿದ್ದರು. ಬಲಗೈಯಲ್ಲಿ ಫೋನು, ಎಡಗೈ ಬಿಸಿಲಿಗೆ. ಮಾತು ಮುಗಿದು ಫೋನು ಕೆಳಗಿಳಿಸಿದರೂ ಚಾಚಿದ ಕೈಯನ್ನು ತೆಗೆದುಕೊಳ್ಳಲಿಲ್ಲ. ಊಟ ಮುಗಿಸಿ ಬಂದ ಪ್ಯಾಕಿಂಗ್ ಹೆಂಗಸರು ನನ್ನನ್ನು ಕೂಗಿದರು. ನಾನು ಹೋಗಿ, "ಮೇಡಂ, ಹೊತ್ತಾಯ್ತು, ಸಾಕು, ಬನ್ನಿ" ಎಂದೆ. ನನ್ನನ್ನು ನೋಡಿದರು, ಆದರೆ ನನ್ನನ್ನಲ್ಲ.

"ಏಳು ಅಂತ ಯಾರೂ ಅನ್ಲಿಲ್ಲ ಕಣೇ" ಎಂದರು.

ನಾನು ಭುಜ ಹಿಡಿದು ನೆರಳಿಗೆ ಕರೆದುಕೊಂಡು ಬಂದೆ. ನನಗೆ ಕಿಟಕಿಯಿಂದ ಈಗಲೂ ಕಾಣುವುದು ಆ ಮಧ್ಯಾಹ್ನದ ಕೈ. ಬೇರೆ ದಿನಗಳದ್ದಲ್ಲ.

ಮಾರನೆಯ ದಿನ ಬೆಳಿಗ್ಗೆ ಅವರು ಕುಣಿಗಲ್ ಬಸ್ಸು ಹತ್ತಿ ಹೋಗಿ, ಕೇಳದೆ, ಹೇಳದೆ, ಹುಡುಗಿಯನ್ನು ಬಟವಾಡಿಗೆ ಕರೆತಂದರು. ತಂಗಿ ತಡೆಯಲಿಲ್ಲವಂತೆ. ಚರ್ಮದ ಡಾಕ್ಟರ ಮೆಟ್ಟಿಲನ್ನು ಇಬ್ಬರೂ ಹಾಡುಹಗಲೇ ಹತ್ತಿದರು. ಗಾಯ ಮಾಗಿತು. ಕಾಲಿಗೆ ಬ್ಯಾಂಡೇಜ್ ಯಾಕೆ ಎಂದು ವಿಚಾರಿಸಿಕೊಂಡ ಗಂಡಿನ ಕಡೆಯವರು ತಾವಾಗಿ ಹಿಂದೆ ಸರಿದರು. ಹುಡುಗಿ ದೊಡ್ಡಮ್ಮನ ಮನೆಯಲ್ಲೇ ಉಳಿದು ಪರೀಕ್ಷೆ ಬರೆದಳು, ಪಾಸಾದಳು, ತುಮಕೂರಿನಲ್ಲೇ ಒಂದು ಆಫೀಸಿಗೆ ಸೇರಿದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಕೆಲವು ಶನಿವಾರ ಅರ್ಧ ದಿನ ಮುಗಿಸಿ ನಮ್ಮ ಯೂನಿಟ್ಟಿಗೆ ಬಂದು ಕಿಟಕಿ ಹತ್ತಿರ ನಮ್ಮ ಜೊತೆ ನಿಂತು ಮೂರನೆಯ ದಿನದ ಕೈ ನೋಡುತ್ತಿದ್ದಳು. ತಾನು ಮಾತ್ರ ಪಾದ ಮುಚ್ಚುವ ಉದ್ದದ ಪ್ಯಾಂಟು, ಮೇಲೆ ಸಾಕ್ಸು. ಸೆಕೆಗಾಲದಲ್ಲೂ ಸಾಕ್ಸು.

"ಬಿಚ್ಚೇ, ಬೆವರುತ್ತೆ" ಎನ್ನುತ್ತಿದ್ದರು ಮೇಡಂ.

"ಇರ್ಲಿ ದೊಡ್ಡಮ್ಮ."

"ಅವಳು ಸಾಕ್ಸ್ ಬಿಚ್ಚೋ ದಿನ ನಾನು ಕೆಲ್ಸ ಬಿಡ್ತೀನಿ ಗುಬ್ಬಿ. ಆಮೇಲೆ ಈ ಕೈಗೆಲ್ಲ ಹಚ್ಕೊಂಡು, ಡಾಕ್ಟ್ರನ್ನ ಕೇಳ್ಕೊಂಡು, ಬಣ್ಣ ಬರಿಸ್ಕೊಂಡು, ಇಬ್ರೂ ಜೊತೇಲಿ ಹೋಗಿ ಯಾರದ್ದಾದ್ರೂ ಮದ್ವೇಲಿ ಮೊದಲ್ನೇ ಪಂಕ್ತಿಗೇ ಕೂತ್ಕೊಂತೀವಿ."

ಈಗ ಅದು ಯಾವ ದಿನ ಎಂದು ಕೇಳುವವರು ಇಲ್ಲ. ಈ ವರ್ಷ ಒಂದು ಭಾನುವಾರ ಬೆಳಿಗ್ಗೆ ಹಾಲು ಕಾಯಿಸಲು ಎದ್ದವರು ಒಲೆಯ ಮುಂದೆಯೇ ಕುಸಿದರು. ಹುಡುಗಿ ಆಟೋ ಕರೆಯುವಷ್ಟರಲ್ಲಿ ಮುಗಿದಿತ್ತು.

ಊರಿಗೆ ತಂದರು. ನಾನು ಹೋದಾಗ ಹಟ್ಟಿಯ ಮುಂದೆ, ಶಾಮಿಯಾನ ಕಟ್ಟುವ ಮುಂಚೆಯೇ, ಚಾಪೆಯ ಮೇಲೆ ಮಲಗಿಸಿದ್ದರು. ಮುಖಕ್ಕೆ ದಪ್ಪಗೆ ಪೌಡರ್ ಬಳಿದಿದ್ದರು. ತುಟಿಯ ಬಿಳಿ ಅಂಚಿಗೆ ಕುಂಕುಮ ಕಲಸಿದಂಥದ್ದೇನನ್ನೋ ಒತ್ತಿದ್ದರು. ಸೆರಗನ್ನು ಎರಡೂ ಕೈಯ ಉಗುರಿನವರೆಗೆ ಎಳೆದು ಚಾಪೆಯ ಕೆಳಗೆ ಸಿಗಿಸಿದ್ದರು. ಸುತ್ತ ನೆಂಟರು. ಜೀವ ಇದ್ದಾಗ ಆ ಮನೆಯಲ್ಲಿ ಅವರು ಅಷ್ಟು ಜನರ ನಡುವೆ ಇದ್ದದ್ದು ನನಗೆ ಅನುಮಾನ.

ಮೈ ತೊಳೆಸುವಾಗ ವಾಚು ಬಿಚ್ಚಿದವರು ಅವರ ತಂಗಿ. ನಾನು ಚೊಂಬು ಹಿಡಿದು ಪಕ್ಕದಲ್ಲಿದ್ದೆ. ಬಿಚ್ಚಿದ ಮೇಲೆ ಅವರ ಕೈ ನಿಂತುಹೋಯಿತು. ಹುಣಸೆಬೀಜದಷ್ಟು ಆ ಕಂದನ್ನು ಹೆಬ್ಬೆರಳಿನಿಂದ ಒರೆಸಿದರು, ಕೊಳೆ ಎಂದುಕೊಂಡರೋ ಏನೋ. ಹೋಗಲಿಲ್ಲ. ನೀರು ಹಾಕಿ ಮತ್ತೆ ಒರೆಸಿದರು.

"ಇದೇನಮ್ಮ ಇದು?" ಎಂದು ನನ್ನನ್ನು ಕೇಳಿದರು.

"ಬಣ್ಣ ಕಣಮ್ಮ. ಅವರದ್ದೇ."

ಬಹಳ ಹೊತ್ತು ನೋಡಿದರು. "ಹಿಂಗೇ ಇದ್ಲು" ಎಂದರು. "ಚಿಕ್ಕೋಳಿದ್ದಾಗ ಮೈಯೆಲ್ಲ ಹಿಂಗೇ ಇದ್ಲು. ಮರ್ತೇ ಹೋಗಿತ್ತು ನಂಗೆ." ಆ ಮಣಿಕಟ್ಟನ್ನು ಕೆನ್ನೆಗೆ ಒತ್ತಿಕೊಂಡರು. ಅಲ್ಲಿಯವರೆಗೆ ಅವರು ಅತ್ತಿರಲಿಲ್ಲ. ಮತ್ತೆ ಸೆರಗು ಹೊದಿಸುವಾಗ ಕೈಗಳನ್ನು ಮುಚ್ಚಲಿಲ್ಲ. ಮುಖದ ಪೌಡರನ್ನು ಒದ್ದೆ ಬಟ್ಟೆಯಲ್ಲಿ ತಾವೇ ಒರೆಸಿದರು. ಯಾರೋ ಹಿರಿಯ ಹೆಂಗಸು, "ಮುಚ್ಚಮ್ಮ, ಜನ ಬರ್ತಾವ್ರೆ" ಎಂದರು. "ಬರ್ಲಿ ಬುಡು ಅತ್ತೆ" ಎಂದರು ತಂಗಿ.

ಹೊತ್ತು ನೆತ್ತಿಗೇರಿತ್ತು. ಹಟ್ಟಿಯ ಮುಂದೆ ನೆರಳಿರಲಿಲ್ಲ. ಬಿಸಿಲು ನೇರವಾಗಿ ಆ ತೋಳಿನ ಮೇಲೆ ಬೀಳುತ್ತಿತ್ತು. ಕರೆದುಕೊಂಡು ಬರಬೇಕು, ಸಾಕು ಎನ್ನಬೇಕು ಎಂದು ನನಗೆ ಎರಡು ಮೂರು ಸಲ ಎದ್ದು ನಿಲ್ಲುವಂತಾಯಿತು.

ತೆಂಗಿನ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು.

ಮೂರನೆಯ ದಿನ ಹಾಲುತುಪ್ಪ. ರಜೆ ಹಾಕಿ ನಾನೂ ಹೋದೆ. ಗುಡ್ಡೆಯ ಮಣ್ಣು ಇನ್ನೂ ಹಸಿಯಾಗಿತ್ತು, ಅಲ್ಲಿಯ ಮಣ್ಣು ಕಂದು. ಒಬ್ಬೊಬ್ಬರಾಗಿ ಹಾಲು ಬಿಟ್ಟರು, ತುಪ್ಪ ಬಿಟ್ಟರು, ಕೈ ಮುಗಿದು ಸರಿದರು. ತಂಗಿ ಬಿಟ್ಟರು. ನಾನು ಬಿಟ್ಟೆ. ಕೊನೆಗೆ ಹುಡುಗಿ ಬಂದಳು. ಚಪ್ಪಲಿಯನ್ನು ತೋಟದ ಬದುವಿನಲ್ಲಿ ಬಿಟ್ಟು ಬರಿಗಾಲಲ್ಲಿ ಬಂದಿದ್ದಳು. ಸಾಕ್ಸಿರಲಿಲ್ಲ. ಹಿಮ್ಮಡಿಯ ಬಿಳಿ, ಅದರ ಸುತ್ತಲಿನ ಹಳೆಯ ಸುಟ್ಟ ಗುರುತು, ಎಲ್ಲವೂ ನೆಂಟರೆದುರು ಬಿಸಿಲಿನಲ್ಲಿತ್ತು. ಅವಳು ಚೊಂಬಿನಲ್ಲಿ ಉಳಿದ ಹಾಲನ್ನೆಲ್ಲ ಒಂದೇ ಕಡೆ ಸುರಿದಳು.

ಎಲ್ಲರೂ ಹೊರಟ ಮೇಲೂ ಅವಳು ನಿಂತೇ ಇದ್ದಳು. ನಾನು ಪಕ್ಕಕ್ಕೆ ಹೋದೆ.

"ಇವತ್ತು ನೋಡೋ ದಿನ ಅಲ್ವಾ ಅಕ್ಕ?" ಎಂದಳು.

"ಹೂಂ" ಎಂದೆ.

ಇಬ್ಬರೂ ನೋಡಿದೆವು. ಹಾಲು ಇಂಗದೆ ಮಣ್ಣಿನ ಮೇಲೆ ಒಂದು ಬಿಳಿಯಾಗಿ ನಿಂತಿತ್ತು, ಅದರ ಮೇಲೆ ಬಿಸಿಲು. ಸ್ವಲ್ಪ ಹೊತ್ತಿಗೆ, ಅಂಚಿನಿಂದಲ್ಲ, ನಡುವಿನಿಂದ, ರಾಗಿ ಕಾಳಿನಷ್ಟು ಒಂದು ಕಂದು ಚುಕ್ಕೆ ಮೇಲೆ ಬಂತು. ಅದರ ಪಕ್ಕ ಇನ್ನೊಂದು.